ಅಮ್ಮನ ಹಾಡು ಕಾರು ಹತ್ತಿದ್ದು

"ಅಮ್ಮಾ, ಹತ್ತು ನಿಮಿಷ ಕಾರಿನಲ್ಲಿ ಬಂದು ಕೂತ್ಕೋ" ಎಂದು ಮಗ ಕರೆದಾಗ ನಾನು ಹತ್ತನೇ ತರಗತಿಯ ಸಮಾಜ ವಿಜ್ಞಾನದ ಉತ್ತರಪತ್ರಿಕೆಗಳ ರಾಶಿಯ ನಡುವೆ ಇದ್ದೆ. ಎಲ್ಲಿಗೆ ಹೋಗುವುದು ಎಂದು ಕೇಳಿದೆ. ಎಲ್ಲಿಗೂ ಇಲ್ಲವಂತೆ. ಕಾರು ಅಂಗಳದಲ್ಲೇ ನಿಂತಿರುತ್ತದಂತೆ, ನಾನು ಸುಮ್ಮನೆ ಕೂತು ಕೇಳಬೇಕಂತೆ. ನಿಂತ ಕಾರಿನಲ್ಲಿ ಕೂರುವುದು ಯಾವ ಸೀಮೆಯ ಸಂಭ್ರಮವೋ ಎಂದು ಗೊಣಗಿಕೊಂಡು ಕೆಂಪು ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡೇ ಎದ್ದೆ.

ಅವನು ಫೋನಿನಲ್ಲಿ ಏನನ್ನೋ ಒತ್ತಿದ. ತೀರಿಕೊಂಡು ಹದಿನೈದು ವರ್ಷವಾಗಿದ್ದ ನನ್ನ ಅಮ್ಮ ಕಾರಿನೊಳಗೆ ಹಸೆ ಹಾಡು ಹೇಳತೊಡಗಿದಳು.

ನನಗೆ ಮಾತು ಹೊರಡಲಿಲ್ಲ. ಆದರೆ ಅಮ್ಮನ ದನಿಯ ಜತೆಯಲ್ಲೇ ಸೊಳ್ಳೆ ಹಾಡಿದ ಹಾಗೆ ಇನ್ನೊಂದು ಸಣ್ಣ ದನಿಯೂ ಕೇಳುತ್ತಿತ್ತು. ಮಗ ಗಾಡಿ ಚಾಲೂ ಮಾಡಿದ. ಸೊಳ್ಳೆ ಜೋರಾಯಿತು. ಆಕ್ಸಿಲರೇಟರ್ ಒತ್ತಿದಂತೆಲ್ಲ ಅದರ ಶ್ರುತಿಯೂ ಏರುತ್ತಾ ಹೋಯಿತು. "ಇದೇ ನೋಡು ಅಮ್ಮ ತೊಂದರೆ. ಇದನ್ನು ಓಡಿಸುವವರೆಗೆ ನಾನು ಬಿಡೋದಿಲ್ಲ" ಎಂದ. ಅಂದಿನಿಂದ ಎಂಟು ತಿಂಗಳು ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ ಅನ್ನಿ.

ಆ ಹಾಡಿನ ಪೂರ್ವೋತ್ತರ ಇಷ್ಟು. 1988ರ ಮಳೆಗಾಲದಲ್ಲಿ ಅಪ್ಪ ಶಿವಮೊಗ್ಗದಿಂದ ಒಂದು ಟೂ-ಇನ್-ಒನ್ ತಂದರು. ಸಾಗರದ ಕಡೆಯ ಮಳೆ ನಿಮಗೆ ಗೊತ್ತಲ್ಲ, ಒಮ್ಮೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಹೊರಗೆ ಹೋಗುವಂತಿಲ್ಲ, ಕರೆಂಟು ಇದ್ದರೆ ಇತ್ತು. ಒಂದು ಮಧ್ಯಾಹ್ನ ಅಪ್ಪ ಸೆಲ್ ಹಾಕಿ, ಖಾಲಿ ಕ್ಯಾಸೆಟ್ ತೂರಿಸಿ, ಜಗಲಿಯಲ್ಲಿ ಅಡಿಕೆ ಆರಿಸುತ್ತಿದ್ದ ಅಮ್ಮನ ಎದುರಿಗಿಟ್ಟು "ಹೇಳು" ಎಂದರು. ಅಮ್ಮ ನಾಚಿ ಬಯ್ದು, ಕೊನೆಗೆ ಹೇಳಿದಳು. ಏಳು ಹಾಡು. ಅವುಗಳಲ್ಲಿ ಎರಡನ್ನು ಅವಳ ಬಾಯಲ್ಲಿ ಬಿಟ್ಟರೆ ಬೇರೆ ಯಾರ ಬಾಯಲ್ಲೂ ನಾನು ಕೇಳಿಲ್ಲ. ಬರೆದಿಟ್ಟುಕೊಳ್ಳಬೇಕೆಂದು ಪ್ರತಿ ಬೇಸಿಗೆ ರಜೆಯಲ್ಲೂ ಅಂದುಕೊಂಡೆ, ಬರೆಯಲಿಲ್ಲ. 2009ರಲ್ಲಿ ಅಮ್ಮ ಹೋದಳು. ಉಳಿದದ್ದು ಅಣ್ಣನ ಮನೆಯ ಬೀರುವಿನಲ್ಲಿ ಬೂಷ್ಟು ಹಿಡಿದು ಕೂತಿದ್ದ ಆ ಒಂದು ಕ್ಯಾಸೆಟ್ ಮಾತ್ರ.

ಮಗ ಅದನ್ನು ಬೆಂಗಳೂರಿಗೆ ಒಯ್ದು, ತಿಳಿದವರ ಕೈಯಲ್ಲಿ ಬೂಷ್ಟು ಒರೆಸಿಸಿ, ಕಂಪ್ಯೂಟರಿಗೆ ಇಳಿಸಿಸಿಕೊಂಡು ಬಂದಿದ್ದ. ಸೆಕೆಂಡಿಗೆ 96,000 ಸಲ, ಒಂದೊಂದು ಸಲವೂ 24 ಬಿಟ್‌ಗಳ ಸೂಕ್ಷ್ಮದಲ್ಲಿ ಅಳೆದು ಇಳಿಸಿದ್ದಂತೆ. ಕ್ಯಾಸೆಟ್ಟಿನ ಟೇಪೋ ನಾಲ್ಕು ಮಿಲಿಮೀಟರ್ ಕೂಡ ಅಗಲವಿಲ್ಲ. ಸೆಕೆಂಡಿಗೆ ನಾಲ್ಕೂಮುಕ್ಕಾಲು ಸೆಂಟಿಮೀಟರ್ ಓಡುತ್ತದೆ. ಅಷ್ಟು ಬಡ ಪಟ್ಟಿಗೆ ಇಷ್ಟು ವೈಭವದ ಅಳತೆಯೇ, ಗುಬ್ಬಚ್ಚಿಗೆ ಅಂಬಾರಿ ಹೊರಿಸಿದ ಹಾಗಾಯಿತಲ್ಲವೇ ಎಂದು ಕೇಳಿದೆ. ಧ್ವನಿ ಸಂಗ್ರಹಾಲಯದವರು ಹಳೆಯ ಟೇಪುಗಳನ್ನು ಹೀಗೇ ಇಳಿಸುವುದು ಎಂದ. ಆಮೇಲೆ ವಿಚಾರಿಸಿದರೆ ನಿಜ. ಅವರ ಅಂತರರಾಷ್ಟ್ರೀಯ ಸಂಘ ಕನಿಷ್ಠ 48,000 ಇರಲಿ, 24 ಬಿಟ್ ಇರಲಿ ಎನ್ನುತ್ತದೆ; 96,000ವನ್ನು ಅನೇಕ ಸಂಗ್ರಹಾಲಯಗಳು ಪಾಲಿಸುತ್ತವೆ. ಟೇಪು ಇನ್ನೊಮ್ಮೆ ಓಡುತ್ತದೆಂಬ ಭರವಸೆ ಇಲ್ಲದಿರುವಾಗ ಮೊದಲ ಸಲವೇ ಧಾರಾಳವಾಗಿ ಅಳೆದುಕೊಳ್ಳುವುದು ಜಾಣತನ. ಒಪ್ಪಿಕೊಂಡೆ.

ಆದರೆ ಕಂಪ್ಯೂಟರಿನಲ್ಲಿ ಇಷ್ಟು ಚೆನ್ನಾಗಿ ಕೂತ ಅಮ್ಮ ಫೋನಿಗೆ ಬಂದು, ಫೋನಿನಿಂದ ಕಾರಿಗೆ ಹೋಗುವಷ್ಟರಲ್ಲಿ ಸೊರಗಿಬಿಡುತ್ತಿದ್ದಳು. ದಾರಿಯಲ್ಲಿ ಯಾರು ಅವಳನ್ನು ಹೀಗೆ ಮಾಡುತ್ತಾರೆ? ನಾನು ಇತಿಹಾಸ ಪಾಠ ಮಾಡುವವಳು. ಏನೇ ಆದರೂ "ಮೊದಲು ಹೇಗಿತ್ತು" ಎಂದು ಕೇಳದೆ ನನಗೆ ಸಮಾಧಾನವಿಲ್ಲ. ಹುಡುಕುತ್ತಾ ಹೋದೆ.

ಕಾರಿನ ಸಂಗೀತದ ಕಥೆ ಸುಮಾರಾಗಿ ಅಮೆರಿಕದಲ್ಲಿ 1930ರಿಂದ ಹಿಡಿಯಬಹುದು. ಷಿಕಾಗೋದ ಪಾಲ್ ಗಾಲ್ವಿನ್ ಎಂಬಾತ ಆ ವರ್ಷ ತನ್ನ ಕಾರಿಗೆ ರೇಡಿಯೋ ಕೂರಿಸಿಕೊಂಡು ಅಟ್ಲಾಂಟಿಕ್ ಸಿಟಿಯಲ್ಲಿ ನಡೆಯುತ್ತಿದ್ದ ರೇಡಿಯೋ ತಯಾರಕರ ಸಮ್ಮೇಳನಕ್ಕೆ ಹೋದ. ಒಳಗೆ ಮಳಿಗೆ ಹಾಕುವಷ್ಟು ಹಣವಿರಲಿಲ್ಲ. ಹೊರಗೇ ಕಾರು ನಿಲ್ಲಿಸಿ ರೇಡಿಯೋ ಜೋರಾಗಿ ಹಾಕಿ ಹೋಗಿಬರುವವರ ಗಮನ ಸೆಳೆದ. ನಮ್ಮ ಜಾತ್ರೆಯಲ್ಲಿ ಬಳೆಗಾರರು ಮಾಡುವುದೂ ಅದನ್ನೇ. ಆ ರೇಡಿಯೋಗೆ ಇಟ್ಟ ಹೆಸರು ಮೋಟರೋಲಾ. ಮುಂದೆ ಕಂಪನಿಗೂ ಅದೇ ಹೆಸರಾಯಿತು. ಆ ಕಾಲದ ಕಾರು ರೇಡಿಯೋ ಮಾಡುವವರಿಗೆ ಎಲ್ಲಕ್ಕಿಂತ ದೊಡ್ಡ ತಲೆನೋವು ಯಾವುದು ಗೊತ್ತೇ? ಎಂಜಿನ್ನಿನ ಕಿಡಿಯ ವಿದ್ಯುತ್ತು ರೇಡಿಯೋದೊಳಗೆ ನುಗ್ಗಿ ಗೊರಗೊರ ಎನ್ನುವುದು. ಇದನ್ನು ಓದಿದಾಗ ನನಗೆ ನಗು ಬಂತು. ನಮ್ಮ ಕಾರಿನ ಸೊಳ್ಳೆಯ ಮುತ್ತಜ್ಜಿ ಸಿಕ್ಕಿದಳಲ್ಲ ಎಂದುಕೊಂಡೆ.

1956ರ ಮಾದರಿಯ ಕಾರುಗಳಲ್ಲಿ ಕ್ರೈಸ್ಲರ್ ಕಂಪನಿಯವರು ಗ್ರಾಮಫೋನ್ ತಟ್ಟೆ ತಿರುಗಿಸುವ ಯಂತ್ರವನ್ನೇ ಇಟ್ಟರು. ಓಡುವ ಕಾರಿನಲ್ಲಿ ಮುಳ್ಳು ತಟ್ಟೆಯ ಮೇಲೆ ನಿಲ್ಲಬೇಕಲ್ಲ! ಕೆಲವೇ ವರ್ಷಗಳಲ್ಲಿ ಅದು ಮೂಲೆ ಸೇರಿತು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಪುಟ್ಟ ಕ್ಯಾಸೆಟ್ಟು ಎಲ್ಲರನ್ನೂ ಗೆದ್ದಿತು. ನಮ್ಮಲ್ಲಿ ಅದನ್ನು ಧ್ವನಿಸುರುಳಿ ಎಂದು ಎಷ್ಟು ಚೆನ್ನಾಗಿ ಕರೆದರು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಬಂದಮೇಲೆ ಭಾವಗೀತೆ ಮನೆಮನೆ ಹೊಕ್ಕಿತು. ಕಾರಿಲ್ಲದ ನಮಗೆ ಖಾಸಗಿ ಬಸ್ಸಿನ ಡ್ರೈವರ ತಲೆಯ ಮೇಲಿನ ಟೇಪೇ ಕಾರಿನ ಸಂಗೀತ.

1982ರಲ್ಲಿ ಸಿ.ಡಿ. ಬಂತು. ಎರಡು ವರ್ಷದಲ್ಲಿ ಕಾರಿಗೂ ಬಂತು. ಇಲ್ಲಿ ಸ್ವಲ್ಪ ನಿಲ್ಲಬೇಕು. ಅಲ್ಲಿಯವರೆಗೆ ದನಿ ಎಂದರೆ ತಟ್ಟೆಯ ಮೇಲಿನ ಗೀರು, ಟೇಪಿನ ಮೇಲಿನ ಅಯಸ್ಕಾಂತದ ಗುರುತು. ಸಿ.ಡಿ.ಯಲ್ಲಿ ದನಿ ಅಂಕಿಯಾಯಿತು. ಸೆಕೆಂಡಿಗೆ 44,100 ಸಲ ದನಿಯ ಏರಿಳಿತವನ್ನು ಅಳೆದು, ಪ್ರತಿ ಅಳತೆಯನ್ನೂ 65,536 ಮೆಟ್ಟಿಲುಗಳ ಏಣಿಯಲ್ಲಿ ಎಲ್ಲಿದೆ ಎಂದು ಬರೆದುಕೊಳ್ಳುವುದು. ಇದೇನು 44,100 ಎಂಬ ವಕ್ರ ಸಂಖ್ಯೆ ಎಂದು ನನಗೆ ಕುತೂಹಲ. ಮೊದಮೊದಲು ಈ ಅಂಕಿಗಳನ್ನು ತುಂಬಿಡಲು ವಿಡಿಯೋ ಟೇಪನ್ನೇ ಬಳಸುತ್ತಿದ್ದರಂತೆ. ಚಿತ್ರದ ಒಂದೊಂದು ಗೆರೆಯಲ್ಲಿ ಮೂರು ಅಳತೆ, ಬಳಕೆಗೆ ಸಿಗುವ ಗೆರೆ 245, ಸೆಕೆಂಡಿಗೆ 60 ಸಲ. ಗುಣಿಸಿ ನೋಡಿ. ಯಾವುದೋ ಯಂತ್ರದ ಅನುಕೂಲಕ್ಕೆ ಹುಟ್ಟಿದ ಲೆಕ್ಕ ಜಗತ್ತಿನ ಸಂಗೀತದ ಅಳತೆಗೋಲಾಗಿ ಕೂತುಬಿಟ್ಟಿತು.

ಇದನ್ನು ನಾನು ಚುಕ್ಕಿ ರಂಗೋಲಿಗೆ ಹೋಲಿಸಿದೆ. ಚುಕ್ಕಿ ಹೆಚ್ಚಿದಷ್ಟೂ ಬಳ್ಳಿ ಚೆಂದ; ಆದ್ದರಿಂದ 96,000 ಚುಕ್ಕಿ 44,100ಕ್ಕಿಂತ ಚೆಂದ, ಅಲ್ಲವೇ ಎಂದೆ. ಮಗ ತಲೆಯಾಡಿಸಿದ. ಅದೇ ಎಲ್ಲರೂ ಮಾಡುವ ತಪ್ಪಂತೆ. 1928ರಲ್ಲಿ ನೈಕ್ವಿಸ್ಟ್, 1949ರಲ್ಲಿ ಶ್ಯಾನನ್ ಎಂಬ ವಿಜ್ಞಾನಿಗಳು ತೋರಿಸಿದ್ದೇ ಬೇರೆ. ದನಿಯಲ್ಲಿರುವ ಅತ್ಯಂತ ಕೀರಲು ಕಂಪನದ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಸಾಕು, ಆ ಚುಕ್ಕಿಗಳಿಂದ ಬಳ್ಳಿಯನ್ನು ಇದ್ದದ್ದು ಇದ್ದ ಹಾಗೇ ಎಳೆಯಬಹುದು. ಮನುಷ್ಯರ ಕಿವಿಗೆ ಎಳೆವಯಸ್ಸಿನಲ್ಲೂ 20,000 ಕಂಪನದಾಚೆ ಕೇಳುವುದಿಲ್ಲವಾದ್ದರಿಂದ 44,100ರಲ್ಲಿ ಕಿವಿಗೆ ಬೇಕಾದದ್ದೆಲ್ಲ ಅಡಗಿದೆ. ಕೈ ಪಳಗಿದ ಅತ್ತೆ ನಾಲ್ಕೇ ಚುಕ್ಕಿಯಲ್ಲಿ ಎಳೆಯುವ ಬಳ್ಳಿಗೂ ಸೊಸೆ ನಲವತ್ತು ಚುಕ್ಕಿ ಇಟ್ಟು ಎಳೆಯುವ ಬಳ್ಳಿಗೂ ವ್ಯತ್ಯಾಸವಿರಬೇಕೆಂದೇನಿಲ್ಲ. "ಹಾಗಾದರೆ ಈ 96,000 ಯಾಕೋ?" ಎಂದೆ. "ಅಜ್ಜಿ ಹೇಗಿದ್ದಳೋ ಹಾಗೇ ಬರಲಿ ಅಂತ. ನಡುವೆ ಯಾರೂ ಕೈ ಹಾಕಬಾರದು" ಎಂದ. ನನಗೆ ಆ ಉತ್ತರ ಹಿಡಿಸಿತು.

ನಡುವೆ ಕೈ ಹಾಕುವವರು ಎಷ್ಟು ಜನ ನೋಡಿ. ಆಂಡ್ರಾಯ್ಡ್ ಎಂಬ ವ್ಯವಸ್ಥೆಯ ಮೊದಲ ಫೋನು ಮಾರುಕಟ್ಟೆಗೆ ಬಂದದ್ದು 2008ರಲ್ಲಿ. ಆಗಿನ ಫೋನಿನಿಂದ ಕಾರಿಗೆ ಹಾಡು ದಾಟಿಸಲು ಇದ್ದ ಸುಲಭ ಉಪಾಯವೆಂದರೆ ಹೆಡ್‌ಫೋನಿನ ತೂತಿಗೆ ಒಂದು ವೈರು ಚುಚ್ಚುವುದು. ಈ ಚುಚ್ಚುಕಡ್ಡಿಯ ವಂಶ ಬಹಳ ಹಳೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಸಾಲಾಗಿ ಕೂತ ಹೆಣ್ಣುಮಕ್ಕಳು ಇದರ ಅಕ್ಕನನ್ನೇ ಹಿಡಿದು ಊರಿಗೂರನ್ನು ಜೋಡಿಸುತ್ತಿದ್ದರು. ಅವರಲ್ಲಿ ಮೊದಲನೆಯವಳು 1878ರಲ್ಲಿ ಬಾಸ್ಟನ್ನಿನಲ್ಲಿ ಕೆಲಸಕ್ಕೆ ಸೇರಿದ ಎಮ್ಮಾ ನಟ್. ಈ ಸಂಗತಿ ನಮ್ಮ ಪಠ್ಯಪುಸ್ತಕದಲ್ಲಿಲ್ಲ. ನಾನಂತೂ ತರಗತಿಯಲ್ಲಿ ಹೇಳಿಬಿಡುತ್ತೇನೆ.

ಈ ವೈರಿನ ದಾರಿ ಸುತ್ತುಬಳಸಿನದು. ಫೋನು ತನ್ನೊಳಗಿನ ಅಂಕಿಯನ್ನು ಮತ್ತೆ ದನಿಯ ವಿದ್ಯುತ್ತಾಗಿ ಮಾಡಿ ವೈರಿಗೆ ಬಿಡುತ್ತದೆ. ಕಾರಿನ ಪ್ರೊಸೆಸರ್ ಎಂಬ ಪೆಟ್ಟಿಗೆ (ನಮ್ಮ ಕಾರಿನಲ್ಲಿ ಮುಂದಿನ ಸೀಟಿನ ಕೆಳಗೆ ಟಿಫಿನ್ ಡಬ್ಬಿಯ ಹಾಗೆ ಕೂತಿದೆ) ಆ ವಿದ್ಯುತ್ತನ್ನು ಮತ್ತೆ ಅಳೆದು ಅಂಕಿ ಮಾಡಿ, ತನ್ನ ಸಂಸ್ಕಾರವನ್ನೆಲ್ಲ ಮುಗಿಸಿ, ಮತ್ತೆ ವಿದ್ಯುತ್ತು ಮಾಡಿ ಸ್ಪೀಕರಿಗೆ ಕೊಡುತ್ತದೆ. ಕನ್ನಡದ ಕಥೆಯನ್ನು ಇಂಗ್ಲಿಷಿಗೆ, ಇಂಗ್ಲಿಷಿನಿಂದ ಹಿಂದಿಗೆ, ಹಿಂದಿಯಿಂದ ಪುನಃ ಕನ್ನಡಕ್ಕೆ ತಂದ ಹಾಗೆ. ಜತೆಗೆ ಫೋನನ್ನು ಕಾರಿನಲ್ಲೇ ಚಾರ್ಜಿಗೆ ಹಾಕಿದರೆ ಫೋನಿಗೂ ಪ್ರೊಸೆಸರಿಗೂ ನಡುವೆ ಚಾರ್ಜಿನ ವೈರು ಒಂದು, ಹಾಡಿನ ವೈರು ಒಂದು, ಹೀಗೆ ಎರಡು ದಾರಿಯಾಗಿ ಬಳೆಯಂತೆ ಸುತ್ತು ಏರ್ಪಡುತ್ತದೆ. ಎಂಜಿನ್ನಿಗೆ ಕಟ್ಟಿದ ಆಲ್ಟರ್ನೇಟರಿನ ಗದ್ದಲ ಆ ಬಳೆಯೊಳಗೆ ಹರಿದು ಹಾಡಿಗೆ ಸೇರುತ್ತದೆ. ನಮ್ಮ ಸೊಳ್ಳೆ ಅದೇ.

ವೈರೇ ಬೇಡ, ಬ್ಲೂಟೂತ್ ಇದೆಯಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡನ ಅಡ್ಡಹೆಸರು ಅದು ಎಂದು ತಿಳಿದಮೇಲೆ ನನಗೆ ಅದರ ಮೇಲೆ ಕೊಂಚ ಮಮತೆಯೂ ಇದೆ. ಆದರೆ ಅಳತೆ ನೋಡಿ: ಅಮ್ಮನ ಹಾಡನ್ನು ಎಡಬಲ ಎರಡೂ ಕಡೆಗೆ ಹರಿಸಲು ಸೆಕೆಂಡಿಗೆ 4,608 ಕಿಲೋಬಿಟ್ ಬೇಕು. ಬ್ಲೂಟೂತಿನ ಸಾಮಾನ್ಯ ದಾರಿಯಲ್ಲಿ ಹಿಡಿಸುವುದು 328ರ ಆಸುಪಾಸು. 2017ರಲ್ಲಿ ಆಂಡ್ರಾಯ್ಡಿಗೆ ಸೇರಿದ ಸೋನಿಯವರ ಎಲ್‌ಡ್ಯಾಕ್ ಎಂಬ ದಾರಿಯಲ್ಲೂ ಹೆಚ್ಚೆಂದರೆ 990. ಮಿಕ್ಕದ್ದನ್ನು ಹಿಂಡಿ, ಕಿವಿಗೆ ಗೊತ್ತಾಗದಷ್ಟನ್ನು ಬಿಸಾಡಿ ಕಳಿಸಬೇಕು. ಎಷ್ಟೋ ಸಲ ನಮಗೆ ಗೊತ್ತೂ ಆಗುವುದಿಲ್ಲ. ಮಗನಿಗೆ ಮಾತ್ರ ಅಜ್ಜಿಯನ್ನು ಹಿಂಡುವುದು ಒಪ್ಪಿಗೆಯಿರಲಿಲ್ಲ.

ಅಂಕಿಯನ್ನು ಅಂಕಿಯಾಗಿಯೇ ದಾಟಿಸಬೇಕು, ಅದೂ ಫೋನಿನ ಚಾರ್ಜಿನ ತೂತಿನಿಂದಲೇ. 2011ರಲ್ಲಿ ಬಂದ ಆಂಡ್ರಾಯ್ಡಿನ 3.1ನೇ ಆವೃತ್ತಿಯಲ್ಲಿ ಇದಕ್ಕೆ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಆ ತೂತಿನಲ್ಲಿ ಆಂಡ್ರಾಯ್ಡ್ ಸಾಧನ ಕಂಪ್ಯೂಟರಿನ ಸೇವಕ. ಆಮೇಲೆ ಅದೇ ಯಜಮಾನನಾಗಿ ಇನ್ನೊಂದು ಯಂತ್ರಕ್ಕೆ ಆಜ್ಞೆ ಕೊಡಬಲ್ಲದಾಯಿತು. 2012ರ 4.1ನೇ ಆವೃತ್ತಿಯಲ್ಲಿ ಹಾಡು ಕಳಿಸುವ ಒಂದು ಕ್ರಮ ಬಂತು, ಆದರೆ ಸಿ.ಡಿ.ಯ ಅಳತೆಗಿಂತ ಮೇಲಿಲ್ಲ; ಅದನ್ನೂ 2017ರಲ್ಲಿ ಕೈಬಿಡುವುದಾಗಿ ಹೇಳಿದರು. 2014ರ 5.0ಯಲ್ಲಿ ಹೊರಗಿನ ಯು.ಎಸ್.ಬಿ. ಧ್ವನಿಯಂತ್ರಗಳಿಗೆ ಮಾನ್ಯತೆ ಸಿಕ್ಕಿತು.

ಮಾನ್ಯತೆ ಸಿಕ್ಕಿದರೂ ಮನೆಯೊಳಗೆ ಒಬ್ಬ ಕಾರಭಾರಿ ಇದ್ದ. ಆಂಡ್ರಾಯ್ಡಿನೊಳಗೆ ಎಲ್ಲ ದನಿಗಳನ್ನೂ, ಎಂದರೆ ಹಾಡು, ಫೋನಿನ ಗಂಟೆ, ಸಂದೇಶದ ಟಿಂಗ್, ನಕ್ಷೆಯ ಹೆಂಗಸಿನ "ಎಡಕ್ಕೆ ತಿರುಗಿ", ಎಲ್ಲವನ್ನೂ ಒಟ್ಟು ಮಾಡುವ ಒಂದು ಭಾಗವಿದೆ. ಎಲ್ಲವೂ ಬೆರೆಯಬೇಕಾದರೆ ಎಲ್ಲಕ್ಕೂ ಒಂದೇ ಅಳತೆ ಇರಬೇಕಲ್ಲ? ಬಹಳಷ್ಟು ಫೋನುಗಳಲ್ಲಿ ಅದು 48,000. ಹಾಗಾಗಿ 44,100ರ ಹಾಡನ್ನು ಹಿಗ್ಗಿಸಿ, 96,000ದ ಹಾಡನ್ನು ಕುಗ್ಗಿಸಿ ಎಲ್ಲವನ್ನೂ ಒಂದೇ ಸೇರಿನಲ್ಲಿ ಅಳೆಯುತ್ತಿದ್ದ. ದೊಡ್ಡ ಕುಟುಂಬದ ಅಡುಗೆಮನೆ ಕಂಡವರಿಗೆ ಇದು ಅರ್ಥವಾಗುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಸಾರು ಮಾಡಲಾಗುವುದಿಲ್ಲ. ಈ ಕಾರಭಾರಿಯನ್ನು ದಾಟಿಹೋಗಲೆಂದು ಕೆಲವರು ತಾವೇ ಯು.ಎಸ್.ಬಿ.ಯ ಒಳದಾರಿ ಬರೆದರು. ಯುಎಸ್‌ಬಿ ಆಡಿಯೊ ಪ್ಲೇಯರ್ ಪ್ರೊ ಎಂಬ ಆ್ಯಪು ಅಂಥದ್ದು. ಆಂಡ್ರಾಯ್ಡೇ ತನ್ನ ಕಡೆಯಿಂದ ಹಾಡನ್ನು ಮುಟ್ಟದೆ ಹೊರಗೆ ಬಿಡುವ ಕ್ರಮ ಕೊಟ್ಟದ್ದು 2023ರ 14ನೇ ಆವೃತ್ತಿಯಲ್ಲಿ. ಮೊದಲ ಫೋನು ಬಂದ ಹದಿನೈದು ವರ್ಷಕ್ಕೆ!

ಮುಂದಿನ ತೊಡಕು, ನಮ್ಮ ಪ್ರೊಸೆಸರಿಗೆ ಯು.ಎಸ್.ಬಿ.ಯ ಭಾಷೆ ಬಾರದು. ಅದಕ್ಕೆ ಬರುವುದು ಸೋನಿ ಮತ್ತು ಫಿಲಿಪ್ಸ್ ಸೇರಿ ರೂಪಿಸಿದ ಎಸ್‌ಪಿಡಿಐಎಫ್ ಎಂಬ ಹಳೆಯ ಭಾಷೆ. ಆದ್ದರಿಂದ ನಡುವೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಬ್ಬ ದುಭಾಷಿ. ಆ ದುಭಾಷಿಯಿಂದ ಪ್ರೊಸೆಸರಿಗೆ ಹೋಗುವುದು ತಾಮ್ರದ ವೈರಲ್ಲ, ಬೆಳಕು ಸಾಗುವ ಪ್ಲಾಸ್ಟಿಕ್ ಎಳೆ. ತೋಷಿಬಾ ಕಂಪನಿ 1983ರಲ್ಲಿ ತಂದದ್ದು. ಅದರ ತುದಿಯಲ್ಲಿ ಕೆಂಪು ದೀಪ ಹಣತೆಯ ಕುಡಿಯಂತೆ ಮಿನುಗುವುದನ್ನು ನೋಡಿ ನನಗೆ ಬಹಳ ಖುಷಿಯಾಯಿತು. ಬೆಳಕಿನ ಎಳೆಯಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಬಳೆ ಒಡೆಯಿತು, ಸೊಳ್ಳೆ ಸತ್ತಿತು. ಎಂಟು ತಿಂಗಳ ಪಾಡಿನಲ್ಲಿ ನನಗೆ ಸಂಶಯವಿಲ್ಲದೆ ಗೊತ್ತಾದ ಲಾಭವೆಂದರೆ ಇದೇ.

ಪಾಡು ಎಂದೆನಲ್ಲ, ಅದನ್ನೂ ಹೇಳುತ್ತೇನೆ. ಇರುವ ಒಂದೇ ತೂತಿಗೆ ದುಭಾಷಿ ಕೂತಮೇಲೆ ಫೋನು ಚಾರ್ಜಾಗುವುದು ಹೇಗೆ? ಸಾಗರ ಮುಟ್ಟುವ ಮೊದಲೇ ಫೋನು ಮಲಗಿತು. ಎರಡು ಬಾಯಿಯ ವೈರು ತಂದರು. ಮೊದಲನೆಯದು ಹಾಡಿಗೆ ಒಪ್ಪಿದರೆ ಚಾರ್ಜಿಗೆ ಒಪ್ಪದು, ಎರಡನೆಯದು ಚಾರ್ಜಿಗೆ ಒಪ್ಪಿದರೆ ಹಾಡಿಗೆ ಒಪ್ಪದು. ಮೂರನೆಯದು ಸರಿಹೋಯಿತು. ಅದಕ್ಕಿಂತ ಘೋರವಾದದ್ದು ದನಿ ಹೆಚ್ಚು ಕಡಿಮೆ ಮಾಡುವ ವಿಷಯ. ಹಾಡನ್ನು ಯಾರೂ ಮುಟ್ಟಬಾರದು ಎಂದರೆ ಫೋನಿನ ವಾಲ್ಯೂಮ್ ಗುಂಡಿಯೂ ಮುಟ್ಟುವಂತಿಲ್ಲ! ಅದು ಪೂರ್ತಿ ದನಿಯಲ್ಲೇ ಹೊರಡುತ್ತದೆ. ಪ್ರೊಸೆಸರಿಗೇ ಬೇರೆ ತಿರುಪು ಕೂರಿಸಬೇಕು. ಅಂಗಡಿಯವರು ಆ ತಿರುಪು ಜೋಡಿಸಿರಲಿಲ್ಲ, ಹೇಳಿರಲೂ ಇಲ್ಲ. ನಮ್ಮ ಮನೆಯವರು ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದಾಗ ಅವರ ಅತ್ತೆ ಏಕಾಏಕಿ ಯಕ್ಷಗಾನದ ರಾಕ್ಷಸ ವೇಷದ ಪ್ರವೇಶದಂತೆ ಗುಡುಗಿದಳು. ಅವರು "ಅಯ್ಯಯ್ಯೋ ಅತ್ತೆ!" ಎಂದು ಎದ್ದು ತಲೆ ಹೊಡೆಸಿಕೊಂಡದ್ದನ್ನು ಈಗ ನೆನೆದರೂ ನಗು ತಡೆಯುವುದಿಲ್ಲ. ಅಂದು ಮಾತ್ರ ನಾನು ಮಗನಿಗೆ ಚೆನ್ನಾಗಿ ಬಯ್ದೆ. ಇದಕ್ಕೆಲ್ಲ ಅವನು ಸುರಿದ ಹಣ ನನ್ನ ಒಂದೂವರೆ ತಿಂಗಳ ಸಂಬಳ.

ಈ ಪ್ರೊಸೆಸರ್ ಯಾಕೆ ಬೇಕು ಎಂಬುದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಕಾರು ಸಂಗೀತಕ್ಕೆ ಹೇಳಿಸಿದ ಜಾಗವೇ ಅಲ್ಲ. ಗಾಜು ದನಿಯನ್ನು ಒದೆಯುತ್ತದೆ, ಸೀಟು ನುಂಗುತ್ತದೆ, ಕೂತವರು ಯಾರೂ ನಡುವೆ ಕೂತಿರುವುದಿಲ್ಲ. ನಮ್ಮ ದೇಶದಲ್ಲಿ ಚಾಲಕ ಕೂರುವುದು ಬಲಕ್ಕೆ. ಬಲಬಾಗಿಲಿನ ಸ್ಪೀಕರ್ ಅವನಿಗೆ ಒಂದು ಮೀಟರ್ ದೂರ, ಎಡಬಾಗಿಲಿನದು ಒಂದೂವರೆ ಮೀಟರ್ ಎಂದಿಟ್ಟುಕೊಳ್ಳಿ. ದನಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಎಡದ ದನಿ ಸೆಕೆಂಡಿನ ಸಾವಿರದಲ್ಲಿ ಒಂದೂವರೆ ಭಾಗ ತಡವಾಗಿ ತಲಪುತ್ತದೆ. ಅಷ್ಟೇ ಸಾಕು, ಮೊದಲು ಬಂದ ದನಿಯ ಕಡೆಗೇ ಕಿವಿ ವಾಲುತ್ತದೆ; ಹಾಡುವವರು ಬಲಬಾಗಿಲಲ್ಲಿ ಕೂತಂತೆ ಭಾಸವಾಗುತ್ತದೆ. ಪ್ರೊಸೆಸರ್ ಹತ್ತಿರದ ಸ್ಪೀಕರನ್ನು ಅಷ್ಟೇ ಹೊತ್ತು ತಡೆದು ನಿಲ್ಲಿಸುತ್ತದೆ. ಕವಾಯತಿನಲ್ಲಿ ಉದ್ದ ಕಾಲಿನ ಹುಡುಗರಿಗೆ ನಾವು ನಿಧಾನ ಎನ್ನುವುದಿಲ್ಲವೇ, ಹಾಗೆ. ಇಟಲಿಯ ಆಡಿಸನ್, ಜರ್ಮನಿಯ ಹೆಲಿಕ್ಸ್, ಹಾಂಗ್‌ಕಾಂಗಿನ ಮಿನಿಡಿಎಸ್‌ಪಿ ಮುಂತಾದವರು ಇಂಥ ಪೆಟ್ಟಿಗೆ ಮಾಡುತ್ತಾರೆ. ಆದರೆ ಒಂದೊಂದು ಕಾರಿನ ಒಳಾವರಣಕ್ಕೆ ತಕ್ಕಂತೆ ಧ್ವನಿ ಹೊಂದಿಸಬೇಕೆಂಬ ವಿಚಾರವನ್ನು ಕಾರ್ಖಾನೆಯ ಮಟ್ಟಕ್ಕೆ ಒಯ್ದ ಮೊದಲಿಗರಲ್ಲಿ ಅಮರ್ ಬೋಸ್ ಒಬ್ಬರು. ಜನರಲ್ ಮೋಟರ್ಸ್‌ನ 1983ರ ಮಾದರಿಯ ಕೆಲವು ಕಾರುಗಳಿಗೆ ಅವರ ಕಂಪನಿ ಹಾಗೆ ಮಾಡಿಕೊಟ್ಟಿತು. ಅವರ ತಂದೆ ನೋನಿ ಗೋಪಾಲ್ ಬೋಸ್ ಬಂಗಾಳದ ಸ್ವಾತಂತ್ರ್ಯ ಹೋರಾಟಗಾರರು. ಬ್ರಿಟಿಷರ ಕಾಟ ತಾಳಲಾರದೆ 1920ರಲ್ಲಿ ಅಮೆರಿಕ ಸೇರಿದವರು.

ಇಷ್ಟೆಲ್ಲ ಆದಮೇಲೆ ಮಗನ ಬಾಯಿಂದಲೇ ಒಂದು ಗುಟ್ಟು ಹೊರಬಿತ್ತು. ಇಂಥ ಅನೇಕ ಪ್ರೊಸೆಸರುಗಳು ಒಳಗೆ ಒಂದು ನಿಗದಿಯಾದ ಅಳತೆಯಲ್ಲೇ, 48,000 ಅಥವಾ 96,000ದಲ್ಲಿ, ಕೆಲಸ ಮಾಡುತ್ತವೆ. ಬಂದದ್ದು ಯಾವುದೇ ಇರಲಿ, ತಮ್ಮ ಅಳತೆಗೆ ಬದಲಿಸಿಯೇ ಒಳಗೆ ಬಿಟ್ಟುಕೊಳ್ಳುತ್ತವೆ. "ಅಲ್ಲೋ, ದಾರಿಯುದ್ದಕ್ಕೂ ಯಾರೂ ಮುಟ್ಟದ ಹಾಗೆ ಮಡಿಯಲ್ಲಿ ತಂದು, ಹೊಸಿಲಲ್ಲಿ ಮುಟ್ಟಿಸಿಕೊಂಡ ಹಾಗಾಯಿತಲ್ಲ!" ಎಂದೆ. ಅವನು ಸಪ್ಪಗೆ ನಕ್ಕ.

ನಿಜವಾಗಿ ನನ್ನನ್ನು ಕಾಡುತ್ತಿದ್ದದ್ದು ಬೇರೆ. ಕಳೆದ ವರ್ಷದಿಂದ ಹಿಂದಿನ ಬೆಂಚಿನ ಹುಡುಗಿಯರ ಮಾತು ನನಗೆ ಸರಿಯಾಗಿ ಹಿಡಿಯುತ್ತಿರಲಿಲ್ಲ. ಸಕಾರ ಶಕಾರಗಳು ಜಾರಿಹೋಗುತ್ತಿದ್ದವು. ಒಬ್ಬಳು ಕೊಟ್ಟ ಸರಿಯುತ್ತರವನ್ನು ತಪ್ಪೆಂದು ಕೂರಿಸಿದ ದಿನ ಕಿವಿ ಡಾಕ್ಟರ ಬಳಿ ಹೋದೆ. ಅವರು ಗೆರೆ ಎಳೆದ ಕಾಗದ ಕೊಟ್ಟರು. 4,000 ಕಂಪನದಿಂದಾಚೆಗೆ ಗೆರೆ ಘಟ್ಟ ಇಳಿದ ಹಾಗೆ ಇಳಿದಿತ್ತು. ವಯಸ್ಸಿನದು, ಸದ್ಯಕ್ಕೆ ಯಂತ್ರ ಬೇಡ, ವರ್ಷಕ್ಕೊಮ್ಮೆ ನೋಡೋಣ ಎಂದರು. ಆ ಕಾಗದವನ್ನು ಬೀರುವಿನಲ್ಲಿ ಸೀರೆಯ ಮಡಿಕೆಯೊಳಗಿಟ್ಟು ಯಾರಿಗೂ ಹೇಳದೆ ಸುಮ್ಮನಿದ್ದೆ. ಮಗ ಪ್ರತಿ ಸಲ "ಈಗ ವ್ಯತ್ಯಾಸ ಕೇಳ್ತಾ ಅಮ್ಮ?" ಎಂದಾಗ "ಹೂಂ, ಕೇಳ್ತು" ಎನ್ನುತ್ತಿದ್ದೆ.

ಒಂದು ರಾತ್ರಿ, ರಸ್ತೆಯ ಸದ್ದಡಗಿದ ಮೇಲೆ, ಪರೀಕ್ಷೆ ಮಾಡಿಯೇ ಬಿಡೋಣ ಎಂದ. ಇಂಥ ಪರೀಕ್ಷೆಗಳು ದೊಡ್ಡ ಮಟ್ಟದಲ್ಲೂ ಆಗಿವೆ. 2007ರಲ್ಲಿ ಮೆಯರ್ ಮತ್ತು ಮೊರಾನ್ ಎಂಬಿಬ್ಬರು ಹೆಚ್ಚಿನ ಅಳತೆಯ ದನಿಯನ್ನೂ, ಅದನ್ನೇ ಸಿ.ಡಿ.ಯ ಅಳತೆಗಿಳಿಸಿದ ದನಿಯನ್ನೂ ಯಾವುದು ಯಾವುದೆಂದು ಹೇಳದೆ ಕೇಳಿಸಿದರು. 554 ಸಲದಲ್ಲಿ ಸರಿಯಾದದ್ದು 276. ನಾಣ್ಯ ಚಿಮ್ಮಿದರೂ ಅಷ್ಟೇ. 2016ರಲ್ಲಿ ಲಂಡನ್ನಿನ ಜೋಶುವಾ ರೈಸ್ ಹದಿನೆಂಟು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ನೂರಕ್ಕೆ 52ಕ್ಕಿಂತ ತುಸು ಹೆಚ್ಚು ಸರಿ ಬಂತು. ತರಬೇತಾದವರಲ್ಲಿ ಇನ್ನೂ ಹೆಚ್ಚು. ಏನೋ ಒಂದು ಎಳೆಯಷ್ಟು ಇದೆ ಎಂದು ಅವರ ಮಾತು. ಅದೂ ನಿಶ್ಶಬ್ದ ಕೋಣೆಯಲ್ಲಿ. ಹೆದ್ದಾರಿಯಲ್ಲಿ ಓಡುವ ಕಾರಿನೊಳಗೆ ಗಾಳಿ, ಚಕ್ರಗಳ ಸದ್ದೇ ಸುಮಾರು 65ರಿಂದ 70 ಡೆಸಿಬಲ್.

ಹತ್ತು ಸಲ ಕೇಳಿಸಿದ. ಹತ್ತರಲ್ಲಿ ಐದು ಸರಿ ಹೇಳಿದೆ. ಆಮೇಲೆ ನಾನು ಫೋನು ಹಿಡಿದು ಅವನಿಗೆ ಕೇಳಿಸಿದೆ. ಅವನದು ಆರು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಗ ಒಳಗೆ ಹೋಗಿ ಆ ಕಾಗದ ತಂದು ಅವನ ಕೈಗೆ ಕೊಟ್ಟೆ.

ಬಯ್ಯುತ್ತಾನೆ ಅಂದುಕೊಂಡಿದ್ದೆ, ಇಲ್ಲವೇ ಮರುಗುತ್ತಾನೆ. ಎರಡೂ ಮಾಡಲಿಲ್ಲ. ಕಾರಿನ ಪುಟ್ಟ ದೀಪದ ಕೆಳಗೆ ಕಾಗದವನ್ನು ಬಹಳ ಹೊತ್ತು ನೋಡಿ, ಲ್ಯಾಪ್‌ಟಾಪು ತಂದು ಪ್ರೊಸೆಸರಿಗೆ ಸಿಕ್ಕಿಸಿದ. ಅದರ ಪರದೆಯ ಮೇಲೂ ಅಂಥದ್ದೇ ಗೆರೆ ಇತ್ತು. "ಎರಡೂ ಕಿವಿಯದ್ದೂ ಹೀಗೇನಾ?" ಎಂದು ಕೇಳಿದ. ಬಲದ್ದು ಕೊಂಚ ಹೆಚ್ಚು ಎಂದೆ. ಎಡಗಡೆಯ ಸೀಟಿಗೆ, ಎಂದರೆ ನಾನು ಕೂರುವ ಸೀಟಿಗೆ, ದೂರಗಳನ್ನು ಟೇಪು ಹಿಡಿದು ಅಳೆದ. ತನ್ನದಲ್ಲದೆ ಇನ್ನೊಂದು ಹೊಂದಾಣಿಕೆ ಮಾಡಿ, ನನ್ನ ಗೆರೆ ಇಳಿದಲ್ಲಿ ಅವನ ಗೆರೆಯನ್ನು ತುಸುತುಸುವೇ ಏರಿಸಿದ. ಬಹಳ ಏರಿಸಿದರೆ ಕಿವಿಗೆ ಕೆಟ್ಟದ್ದು, ಇದು ಕಿವಿಯ ಯಂತ್ರಕ್ಕೆ ಬದಲಿಯೂ ಅಲ್ಲ ಎಂದ. ಯಾರೂ ಕೈ ಹಾಕಬಾರದು ಎನ್ನುತ್ತಿದ್ದ ಹುಡುಗ ತಾನೇ ಕೈ ಹಾಕುವುದನ್ನು ನೋಡುತ್ತಾ ಕೂತಿದ್ದೆ. ಆ ಹೊಂದಾಣಿಕೆಗೆ "ಅಮ್ಮ" ಎಂದು ಹೆಸರು ಬರೆದು ಉಳಿಸಿದ.

ಆಮೇಲೆ ಹಾಡು ಹಾಕಿದ. ಸಾಲು ಸಾಲಿನ ನಡುವೆ ಅಮ್ಮ ಉಸಿರೆಳೆದುಕೊಳ್ಳುವುದು ಕೇಳಿತು. ಅಡಿಕೆ ಬುಟ್ಟಿಗೆ ಬೀಳುವ ಸದ್ದು ಕೇಳಿತು. ಹಾಡುತ್ತಲೇ ಆರಿಸುತ್ತಿದ್ದಳು ಅಂತಾಯಿತು, ಅವಳು ಸುಮ್ಮನೆ ಕೂತವಳೇ ಅಲ್ಲ. ಹೊರಗೆ ಮಳೆ. ಏಳನೆಯ ಹಾಡು ಮುಗಿದಮೇಲೆ ಅಪ್ಪ ಏನೋ ಅಂದರು. ಮಗನನ್ನು ಕೇಳಿದೆ. ಅವನಿಗೂ ತಿಳಿಯಲಿಲ್ಲ. ಅದಕ್ಕೆ ಅಮ್ಮ "ಸಾಕು ಬಿಡಿ, ಹಾಲು ಕಾಯಿಸ್ಬೇಕು" ಎಂದಳು. ಟಕ್ ಎಂದು ಟೇಪು ನಿಂತಿತು.

"ಇನ್ನೊಂದ್ಸಲ ಹಾಕ್ಲಾ?" ಎಂದ ಮಗ.

ಆ ಎರಡು ಹಾಡುಗಳನ್ನು ಮೊದಲು ಹಾಕು ಎಂದೆ. ಕಿವಿಯ ಮೇಲೆ ಕೆಂಪು ಪೆನ್ನು ಇನ್ನೂ ಇತ್ತು. ಕಾಗದದ ಹಿಂಬದಿಯಲ್ಲಿ ಬರೆದುಕೊಳ್ಳತೊಡಗಿದೆ.